ತಕ್ಕಷ್ಟು

ಬೆಳಗಿನ ಏಳಕ್ಕೆ ಬಂದ ಕಾನ್‌ಸ್ಟೇಬಲ್ ಆಕ್ರಾಯ್ಡ್
ಬೂಟು ಹೊಸ್ತಿಲಲ್ಲೇ ಕಳಚಿದ. ನಾನೇನೂ ಹೇಳಿರಲಿಲ್ಲ.
ಕಾಲುಚೀಲದ ಹೆಬ್ಬೆರಳಿಗೊಂದು ತೂತು.
ಸಿಂಕಿನ ಕೆಳಗೆ ಬಿದ್ದಿದ್ದ ತಟ್ಟೆಯ ಚೂರು ಎತ್ತಿ
ಮೊದಲು ಮಗುಚಿ ನೋಡಿದ,
ತಳದ ಮುದ್ರೆ ಯಾವ ಕಾರ್ಖಾನೆಯದೆಂದು.
ಬರ್ಸ್ಲೆಮ್ಮಿನವರೇ ಹಾಗೆ. ಸಾವಿನ ಮನೆಯಲ್ಲೂ
ಬಸಿ ಮಗುಚದೆ ಟೀ ಕುಡಿಯುವವರಲ್ಲ.
'ನಮ್ಮಜ್ಜಿ ಅಲ್ಲಿ ಹೂವು ಬರೆಯುತ್ತಿದ್ದಳು' ಅಂದ.
ಆಮೇಲೆ ಪುಸ್ತಕ ತೆಗೆದ.

ಹೇಳಿ ಮಿಸ್ ಹಡಗಲಿ, ಮೊದಲಿನಿಂದ.

ಎರಡು ಗಂಟೆ ಹತ್ತು ನಿಮಿಷ. ಕಿಟಕಿಯ ಗಾಜು
ಹಪ್ಪಳ ಮುರಿದಷ್ಟೇ ಸದ್ದು ಮಾಡಿತು.
ಆಸ್ಪತ್ರೆಯ ಕತ್ತರಿ ಚಿಮಟಗಳನ್ನು
ಉಗಿಯಲ್ಲಿ ಬೇಯಿಸುವ ಕೆಲಸ ನನ್ನದು.
ಯಾವ ಸದ್ದು ಯಾವುದರದೆಂದು ನಿದ್ದೆಯಲ್ಲೂ ಗೊತ್ತು.
ಬರಿಗಾಲಲ್ಲಿ ಇಳಿದೆ. ಕೈಗೆ ಸಿಕ್ಕಿದ್ದು ರುಬ್ಬುಗುಂಡು.
ಒರಳು ವಿಮಾನದ ತೂಕಕ್ಕೆ ಒಪ್ಪಿಗೆಯಾಗದೆ ಅಲ್ಲೇ ಉಳಿದು
ಗುಂಡೊಂದೇ ಬಂದಿತ್ತು, ಹನ್ನೆರಡು ವರ್ಷದ ಹಿಂದೆ.
ರುಬ್ಬಲು ಏನೂ ಇಲ್ಲದೆ
ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿತ್ತು.

'ಆಯುಧವೆಂದು ಇಟ್ಟದ್ದೇ?'
'ಅಲ್ಲ. ಗಾಳಿಗೆಂದು.'
ಬರೆದುಕೊಂಡ.

ಡ್ರಾಯರಿನ ಮುಂದೆ ಅವನು. ಇಪ್ಪತ್ತಿರಬಹುದು.
ಸ್ಕ್ರೂಡ್ರೈವರು ಹಿಡಿದು ನನ್ನತ್ತ ತಿರುಗಿ ಒಂದು ಹೆಜ್ಜೆ,
ಒಂದೇ, ಹೌದು, ನೆನಪಿದೆ.
ನಾನು ಬೀಸಿದೆ.
ಮೊಣಕೈಗೆ ತಗಲಿತು. ಸ್ಕ್ರೂಡ್ರೈವರು ಒಲೆಯಡಿ ಉರುಳಿತು.
'ಮಮ್' ಅಂದ. ನನ್ನನ್ನಲ್ಲ.

'ಎಷ್ಟು ಸಲ ಹೊಡೆದಿರಿ?'
'ಒಂದು.'
'ಆಮೇಲೆ?'

ಆಮೇಲೆ ಅವನು ಬೆನ್ನು ತಿರುಗಿಸಿ
ಹಿಂಬಾಗಿಲಿಗೆ ಓಡಿದ, ಅಷ್ಟೇ ಅಂದೆ.

ಹೇಳದೆ ಬಿಟ್ಟದ್ದು ಇದು:
ಬಾಗಿಲು ಅವನಿಗೆ ತೆರೆಯಲಿಲ್ಲ.
ನನ್ನ ಎರಡೂ ಕೈ ಮೇಲೆ, ಕೈಯಲ್ಲಿ ಕಲ್ಲು,
ಕಲ್ಲಿನ ಕೆಳಗೆ
ನಿನ್ನೆ ಮೊನ್ನೆ ಕ್ಷೌರವಾದ ಬಿಳಿ ಕುತ್ತಿಗೆ.
ಹೆದರಿಕೆ ಆಗಲೇ ಇಳಿದಿತ್ತು.
ಅದರ ಜಾಗಕ್ಕೆ ಬಂದದ್ದು ಹುರುಪು.
ಬಸ್ ನಿಲ್ದಾಣದಲ್ಲಿ ನನ್ನ ಚೀಲದ ಮೇಲೆ ಉಗುಳಿದವನು,
ಎಂಟು ತಿಂಗಳ ಬಾಡಿಗೆ ಮುಳುಗಿಸಿ ಹೋದ ಗೆಳತಿ,
ವಾರ್ಡಿನಲ್ಲಿ ನನ್ನ ಹೆಸರಿನ ಬದಲು ಚಪ್ಪಾಳೆ ತಟ್ಟಿ ಕರೆಯುವವಳು,
ಎಲ್ಲರೂ ಬಂದು
ಆ ಒಂದೇ ಕುತ್ತಿಗೆಯ ಮೇಲೆ ಕೂತಿದ್ದರು.

ಆಕ್ರಾಯ್ಡ್ ಹೇಳುತ್ತಿದ್ದ, ನನಗೆ ಅರ್ಥವಾಗಲೆಂದು ನಿಧಾನವಾಗಿ:
ನಡುರಾತ್ರಿ ಮನೆಗೆ ನುಗ್ಗಿದವನ ಮುಂದೆ
ಯಾರೂ ತಕ್ಕಡಿ ಹಿಡಿದು ನಿಲ್ಲಲಾರರು,
ಕಾನೂನಿಗೂ ಅದು ಗೊತ್ತು.
ಆದರೆ ಓಡಿಹೋಗುವವನ ಬೆನ್ನಿಗೆ, ಬಿದ್ದವನ ತಲೆಗೆ...
ರೀಸನಬಲ್, ನೋಡಿ, ರೀಸನಬಲ್ ಆಗಿರಬೇಕು.

ಆ ಮಾತನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದೆ.
ತಕ್ಕಷ್ಟು.
ಉಪ್ಪು, ರುಚಿಗೆ ತಕ್ಕಷ್ಟು.
ಸೋದರತ್ತೆ ನೀಲಗಂಗವ್ವ ಎಂದೂ ಅಳತೆ ಹೇಳಿದವಳಲ್ಲ.
ಚಿಟಿಕೆ, ಹಿಡಿ, ಬೊಗಸೆ. ಕೈಗೆ ತಿಳೀಬೇಕು ಅನ್ನುವಳು.
'ಹೆಚ್ಚಾದ್ರ ತಗಿಯಾಕ ಬರದಿದ್ದು ಉಪ್ಪೊಂದ ನೋಡವ್ವ.'
ಒಂದೇ ಅಲ್ಲ, ಅತ್ತೆ.

ಆ ಹೊತ್ತಿಗೆ ಕಾನೂನು ನೆನಪಾಗಲಿಲ್ಲ, ಅತ್ತೆಯೂ ಇಲ್ಲ.
ಚಿಲಕದ ಜೊತೆ ಅವನು ಒದ್ದಾಡುತ್ತಿದ್ದ, ಒಂದೇ ಕೈಯಲ್ಲಿ.
ಆ ಚಿಲಕ ಯಾರ ಮಾತೂ ಕೇಳುವುದಿಲ್ಲ,
ಮೊದಲ ಚಳಿಗಾಲದಲ್ಲಿ ನನ್ನನ್ನೂ ಅಳಿಸಿದೆ.
'ಎತ್ತಿ ದಬ್ಬಲೇ' ಅಂದೆ.
ಹೊರಟದ್ದು ಕನ್ನಡ.
ಎತ್ತಿದ, ದಬ್ಬಿದ, ಹೋದ.
ಕಲ್ಲು ಇಳಿಸಿದ ಮೇಲೇ
ತೋಳು ನಡುಗಲು ಶುರುವಾದದ್ದು.

'ಇದನ್ನು ಒಯ್ಯಬೇಕು' ಅಂದ ಆಕ್ರಾಯ್ಡ್.
ಪ್ಲಾಸ್ಟಿಕ್ ಚೀಲಕ್ಕೆ ಇಳಿಸುವ ಮುನ್ನ, ಅಭ್ಯಾಸ ಬಲ,
ಎರಡೂ ಕೈಯಲ್ಲಿ ಮಗುಚಿ ತಳ ನೋಡಿದ.
ಮುದ್ರೆ ಇರಲಿಲ್ಲ.
ರಸೀದಿ ಕೊಟ್ಟ: ಕಲ್ಲು, ದುಂಡನೆಯದು, ಒಂದು.

ಇಡೀ ದಿನ ಗಾಳಿ.
ಅಡುಗೆಮನೆಯ ಬಾಗಿಲು ಬಡಿದುಕೊಳ್ಳುತ್ತಲೇ ಇತ್ತು.
ನಾನು ಪ್ರತಿ ಸಲವೂ ಏಳುತ್ತಲೇ ಇದ್ದೆ.